ತಲೆಯೊಳಗೆ ಕಣ್ಣಿಟ್ಟುಕೊಂಡ ಮೀನು: ಬ್ಯಾರಲ್‌ಐ

[ತೆರೆಯ ಮೇಲೆ: ಮೀನಿನ ಮುಖ, ತೀರಾ ಹತ್ತಿರದಿಂದ]

ನಮಸ್ಕಾರ ಸ್ನೇಹಿತರೇ. ಬಾಯಿಯ ಮೇಲಿರುವ ಆ ಎರಡು ಕಪ್ಪು ಗುಳಿಗಳನ್ನು ನೋಡಿ. ಕಣ್ಣು ಅನ್ನಿಸುತ್ತದೆ, ಅಲ್ವಾ? ಅವು ಮೂಗು! ನಿಜವಾದ ಕಣ್ಣುಗಳು ಇನ್ನೂ ಹಿಂದೆ, ತಲೆಯ ಒಳಗಿವೆ. ಹಸಿರು ಗೋಲಗಳು ಕಾಣುತ್ತಿವೆಯಲ್ಲ, ಅವೇ. ಅವುಗಳ ಮೇಲೆ ಮುಚ್ಚಿಕೊಂಡಿರುವುದು ದ್ರವ ತುಂಬಿದ, ಒಳಗಿನದೆಲ್ಲ ಕಾಣುವಂಥ ಗುಮ್ಮಟ.

ಇದರ ಹೆಸರು ಬ್ಯಾರಲ್‌ಐ. ವೈಜ್ಞಾನಿಕ ಹೆಸರು ಮ್ಯಾಕ್ರೋಪಿನ್ನಾ ಮೈಕ್ರೋಸ್ಟೋಮಾ. ಉದ್ದ ಸುಮಾರು 15 ಸೆಂ.ಮೀ., ಹೆಚ್ಚುಕಡಿಮೆ ನಮ್ಮ ಬೂತಾಯಿಯಷ್ಟು.

[ತೆರೆಯ ಮೇಲೆ: ಉತ್ತರ ಪೆಸಿಫಿಕ್ ನಕ್ಷೆ]

ಬೇರಿಂಗ್ ಸಮುದ್ರದಿಂದ ಒಂದು ಕಡೆ ಜಪಾನ್, ಇನ್ನೊಂದು ಕಡೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾವರೆಗೆ ಇದರ ನೆಲೆ. ಇರುವುದು ಸಾಮಾನ್ಯವಾಗಿ 600ರಿಂದ 800 ಮೀಟರ್ ಆಳದಲ್ಲಿ. ಅಲ್ಲಿಗೆ ಬಿಸಿಲು ತಲುಪುವುದು ತೀರಾ ಮಂದವಾಗಿ, ಅದೂ ಮೇಲಿನಿಂದ ಮಾತ್ರ. ಹಾಗಾಗಿ ಈ ಮೀನು ಅಗಲವಾದ ರೆಕ್ಕೆಗಳನ್ನು ಚಾಚಿ ಅಲುಗಾಡದೆ ನಿಂತು ಮೇಲೆ ನೋಡುತ್ತಿರುತ್ತದೆ. ಮೇಲೆ ಯಾವುದಾದರೂ ಜೀವಿ ಹಾದುಹೋದರೆ ಅದರ ನೆರಳು ಕಾಣುತ್ತದೆ. ಮೈಯಿಂದ ಬೆಳಕು ಸೂಸುವ ಜೀವಿಗಳೂ ಅಲ್ಲಿ ಜಾಸ್ತಿ. ಕಣ್ಣಿನ ಹಸಿರು ಬಣ್ಣ ಬಿಸಿಲನ್ನು ಸೋಸಿ, ಆ ಬೆಳಕನ್ನು ಬೇರೆಯಾಗಿ ಗುರುತಿಸಲು ನೆರವಾಗಬಹುದು ಎಂಬುದು ವಿಜ್ಞಾನಿಗಳ ಊಹೆ.

ಈ ಮೀನನ್ನು ಮೊದಲು ವಿವರಿಸಿದ್ದು 1939ರಲ್ಲಿ. ಆದರೆ ಆಮೇಲೆ ಬಂದ ಬಹುತೇಕ ಚಿತ್ರಗಳಲ್ಲಿ ಈ ಗುಮ್ಮಟವೇ ಇರಲಿಲ್ಲ! ಅದು ಅಷ್ಟು ನಾಜೂಕು. ಬಲೆಯಲ್ಲಿ ಮೇಲೆ ಬರುವಷ್ಟರಲ್ಲಿ ಹರಿದು ಹೋಗುತ್ತಿತ್ತು. ಕೊಳವೆಯಂಥ ಕಣ್ಣುಗಳು ಅಲುಗಾಡುವುದೇ ಇಲ್ಲ, ಸದಾ ಮೇಲಕ್ಕೇ ನೆಟ್ಟಿರುತ್ತವೆ ಎಂದೂ ನಂಬಿದ್ದರು. ಬಾಯಿ ಮುಂದಿದೆ, ಕಣ್ಣು ಮೇಲಿದೆ. ಹಾಗಾದರೆ ತಿನ್ನುವುದು ಹೇಗೆ?

ಉತ್ತರ ಸಿಕ್ಕಿದ್ದು ಮೀನಿದ್ದ ಜಾಗಕ್ಕೇ ಕ್ಯಾಮೆರಾ ಹೋದಾಗ. ಕ್ಯಾಲಿಫೋರ್ನಿಯಾದ ಮಾಂಟೆರೆ ಬೇ ಅಕ್ವೇರಿಯಂ ಸಂಶೋಧನಾ ಸಂಸ್ಥೆಯ ಬ್ರೂಸ್ ರಾಬಿಸನ್ ಮತ್ತು ಕಿಮ್ ರೈಸೆನ್‌ಬಿಕ್ಲರ್ ಆಳಕ್ಕೆ ಯಂತ್ರ ಇಳಿಸಿ ಇದನ್ನು ಚಿತ್ರೀಕರಿಸಿದರು. ಒಂದು ಮೀನನ್ನು ಜೀವಂತವಾಗಿ ಹಡಗಿಗೂ ತಂದರು. ತೊಟ್ಟಿಯಲ್ಲಿ ಅದು ಬದುಕಿದ್ದು ಕೆಲವೇ ಗಂಟೆ. ಅಷ್ಟರಲ್ಲೇ ವಿಷಯ ಖಚಿತವಾಯಿತು. ಮೀನು ಮೈಯನ್ನು ಮೇಲಕ್ಕೆತ್ತಿದಂತೆ ಕಣ್ಣುಗಳು ಗುಮ್ಮಟದೊಳಗೇ ತಿರುಗುತ್ತವೆ. ಹೀಗೆ ನೋಟ ಬೇಟೆಯಿಂದ ಕದಲುವುದಿಲ್ಲ, ಬಾಯಿಯೂ ಅದರ ನೇರಕ್ಕೆ ಬರುತ್ತದೆ.

[ತೆರೆಯ ಮೇಲೆ: ಉದ್ದನೆಯ ಸೈಫೊನೊಫೋರ್]

ಗುಮ್ಮಟದ ಉಪಯೋಗ? ಜೆಲ್ಲಿ ಫಿಶ್‌ನ ಬಂಧುಗಳಾದ ಸೈಫೊನೊಫೋರ್‌ಗಳು ಅಲ್ಲಿ ತೇಲುತ್ತಿರುತ್ತವೆ. ಕೆಲವು 10 ಮೀಟರ್‌ಗೂ ಉದ್ದ. ಕುಟುಕುವ ಎಳೆಗಳಲ್ಲಿ ಸಣ್ಣ ಜೀವಿಗಳನ್ನು ಹಿಡಿಯುತ್ತವೆ. ಬ್ಯಾರಲ್‌ಐ ಆ ಎಳೆಗಳ ನಡುವೆ ನುಸುಳಿ, ಪುಟ್ಟ ಬಾಯಿಯಿಂದ ಊಟ ಕದಿಯುತ್ತಿರಬಹುದು. ಆಗ ಕಣ್ಣಿಗೆ ಕುಟುಕು ತಾಗದಂತೆ ಕಾಯುವುದು ಗುಮ್ಮಟ ಎನ್ನುತ್ತಾರೆ ಈ ಇಬ್ಬರು. ನನಗೆ ತುಂಬಾ ಹಿಡಿಸಿದ ವಿವರಣೆ ಇದು.

ಈ ದೃಶ್ಯಗಳು ಸುಲಭವಾಗಿ ಸಿಕ್ಕವಲ್ಲ. 2021ರ ಹೊತ್ತಿಗೆ ಈ ಸಂಸ್ಥೆಯ ಯಂತ್ರಗಳು 5,600ಕ್ಕೂ ಹೆಚ್ಚು ಸಲ ಆಳಕ್ಕೆ ಇಳಿದಿದ್ದವು. ಬ್ಯಾರಲ್‌ಐ ಕಂಡಿದ್ದು 9 ಸಲ ಮಾತ್ರ.