ನರಕೋಶದ ಪೊರೆ ಮತ್ತು ಮಿದುಳಿನ ಅಲೆಗಳು

ಶ್ರೋತೃಗಳಿಗೆ ನಮಸ್ಕಾರ.

ಮೂರ್ಛೆರೋಗದ ತಪಾಸಣೆಗೆಂದು ಬಳ್ಳಾರಿಯ ಆಸ್ಪತ್ರೆಗೆ ಹೋದವರ ನೆತ್ತಿಗೆ ಅಂಟು ಹಚ್ಚಿ, ತಂತಿ ಕೂಡಿಸಿ, ಇಇಜಿ, ಅಂದರೆ ಮಿದುಳಿನ ವಿದ್ಯುತ್ ಏರಿಳಿತಗಳ ದಾಖಲೆ, ತೆಗೆಯುವುದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಪರದೆಯ ಮೇಲೆ ಹರಿಯುವ ಆ ಗೆರೆಗಳ ಎತ್ತರ ಸಾಮಾನ್ಯವಾಗಿ 10ರಿಂದ 100 ಮೈಕ್ರೋವೋಲ್ಟ್. ಒಂದು ನರಕೋಶ ಮಿಡಿದಾಗಲಾದರೋ ಅದರ ಒಳಗಿನ ವಿದ್ಯುತ್ ವಿಭವ ಸುಮಾರು 100 ಮಿಲಿವೋಲ್ಟ್, ಅಂದರೆ ಸಾವಿರ ಪಟ್ಟು ಮತ್ತು ಅದಕ್ಕೂ ಹೆಚ್ಚು, ಜಿಗಿಯುತ್ತದೆ. ಆದರೂ ಇಇಜಿಯಲ್ಲಿ ಮುಖ್ಯವಾಗಿ ಕಾಣುವುದು ಈ ಜಿಗಿತಗಳಲ್ಲ, ಕೋಶಗಳು ಸಂಧಿಸುವ ಕಡೆ ಹುಟ್ಟುವ ನಿಧಾನಗತಿಯ ಏರಿಳಿತಗಳು. ಇದಕ್ಕೊಂದು ದೊಡ್ಡ ಕಾರಣ ಕೋಶದ ಪೊರೆಯ ಗುಣದಲ್ಲಿದೆ.

ಕೆಲವೇ ನ್ಯಾನೋಮೀಟರ್ ದಪ್ಪದ ಈ ಪೊರೆಯ ಎರಡೂ ಬದಿಗೆ ಲವಣದ ನೀರು, ನಡುವೆ ವಿದ್ಯುತ್ತನ್ನು ಬಿಟ್ಟುಕೊಡದ ಕೊಬ್ಬು ಇರುವುದರಿಂದ ಅದು ವಿದ್ಯುದಾವೇಶವನ್ನು ಕೂಡಿಡುವ ಕೆಪಾಸಿಟರಿನಂತೆ ವರ್ತಿಸುತ್ತದೆ. ಹೀಗೆ ಕೂಡಿಡುವ ಸಾಮರ್ಥ್ಯ, ಅಂದರೆ ಧಾರಕತೆ, ಚದರ ಸೆಂಟಿಮೀಟರಿಗೆ ಸುಮಾರು 1 ಮೈಕ್ರೋಫ್ಯಾರಡ್. 1939ರಲ್ಲಿ ವಿಜ್ಞಾನಿಗಳಾದ ಕೋಲ್ ಮತ್ತು ಕರ್ಟಿಸ್ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವನ್ನು ಅಳೆದಾಗ, ಮಿಡಿತದ ಹೊತ್ತಿನಲ್ಲಿ ಪೊರೆಯ ವಾಹಕತೆ, ಅಂದರೆ ವಿದ್ಯುತ್ತನ್ನು ಹರಿಯಗೊಡುವ ಗುಣ, ಸುಮಾರು 40 ಪಟ್ಟು ಏರಿದರೂ ಈ ಧಾರಕತೆ ಹೆಚ್ಚುಕಡಿಮೆ ಹಾಗೆಯೇ ಉಳಿದಿತ್ತು.

ಪೊರೆಯಲ್ಲಿ ನಾಟಿರುವ ಪ್ರೋಟೀನ್ ನಾಳಗಳಿಂದ ವಿದ್ಯುದಾವೇಶವುಳ್ಳ ಕಣಗಳಾದ ಅಯಾನುಗಳು ಸೋರುತ್ತಲೂ ಇರುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿರುವ ಮಾನ್ವಿ, ಸಿರವಾರದ ರೈತರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ: ಸೋರುವ ಕಾಲುವೆಗೆ ಸ್ವಲ್ಪ ಹೊತ್ತು ಬಿಟ್ಟು ನಿಲ್ಲಿಸಿದ ನೀರು ಒಣಗಿದ ಪಾತ್ರವನ್ನು ತುಂಬುವುದರಲ್ಲೇ ಮುಗಿದುಹೋಗುತ್ತದೆ, ಬಹಳ ಹೊತ್ತು ಬಿಟ್ಟ ನೀರು ಮಾತ್ರ ಕೊನೆಯ ಹೊಲ ಮುಟ್ಟುತ್ತದೆ. ನರಕೋಶದ ಕೊಂಬೆಗಳಾದ ಡೆಂಡ್ರೈಟುಗಳಲ್ಲೂ ಕ್ಷಿಪ್ರ ಸಂಕೇತ ಪೊರೆಯ ಕೆಪಾಸಿಟರನ್ನು ತುಂಬುವುದರಲ್ಲೇ ಬೇಗ ಕುಗ್ಗುತ್ತದೆ, ನಿಧಾನದ್ದು ದೂರ ಸಾಗುತ್ತದೆ.

ಹೊರಗಿನ ವಿದ್ಯುದಗ್ರಕ್ಕೆ, ಅಂದರೆ ವಿದ್ಯುತ್ತನ್ನು ಗ್ರಹಿಸುವ ತಂತಿಯ ತುದಿಗೆ, ಇದು ಬಹಳ ಮುಖ್ಯ. ಪೊರೆಯ ಒಂದೆಡೆ ಒಳನುಗ್ಗಿದ ಪ್ರವಾಹ ಇನ್ನೊಂದೆಡೆ ಹೊರಬರಲೇಬೇಕು. ಕ್ಷಿಪ್ರ ಪ್ರವಾಹ ಹತ್ತಿರದಲ್ಲೇ ಹೊರಬರುವುದರಿಂದ ಒಳಹರಿವು, ಹೊರಹರಿವುಗಳ ಪರಿಣಾಮ ದೂರದಲ್ಲಿ ಪರಸ್ಪರ ರದ್ದಾಗುತ್ತದೆ. ನಿಧಾನದ ಪ್ರವಾಹಕ್ಕೆ ಅವೆರಡರ ನಡುವಿನ ಅಂತರ ಹೆಚ್ಚು, ಆದ್ದರಿಂದ ಅದರ ಗುರುತು ದೂರದವರೆಗೂ ಸಿಗುತ್ತದೆ. ಮಿದುಳಿನ ತೊಗಟೆಯಲ್ಲಿ ಪಿರಮಿಡ್ ಆಕಾರದ ಕೋಶಗಳು ಸಾಲಾಗಿ ಒಂದೇ ದಿಕ್ಕಿಗೆ ನಿಂತಿರುವುದರಿಂದ, ಏಕಕಾಲಕ್ಕೆ ಎದ್ದ ಇಂಥ ಪ್ರವಾಹಗಳು ಒಂದರ ಮೇಲೊಂದು ಕೂಡಿಕೊಂಡು ನೆತ್ತಿಯನ್ನು ತಲುಪುತ್ತವೆ. ಒಂಟಿ ಕೋಶದ ಮಿಡಿತವನ್ನೇ ಹಿಡಿಯಬೇಕಾದರೆ ಸೂಜಿಯಂಥ ವಿದ್ಯುದಗ್ರವನ್ನು ಅದರಿಂದ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಸಮೀಪಕ್ಕೆ ಒಯ್ಯಬೇಕಾಗುತ್ತದೆ. ನೆತ್ತಿಯ ಮೇಲಿನ ಗೆರೆಯಲ್ಲಿ ಕ್ಷಿಪ್ರ ಅಲೆ ಕಾಣಲಿಲ್ಲವೆಂದ ಮಾತ್ರಕ್ಕೆ ಒಳಗಿನ ಕೋಶಗಳು ಮಿಡಿಯುತ್ತಿಲ್ಲವೆಂದು ವೈದ್ಯರು ತೀರ್ಮಾನಿಸದಿರುವುದು ಇದೇ ಕಾರಣಕ್ಕೆ.