ಮೊದಲು ಕಿಟಕಿ ಎಲ್ಲಿದೆ ನೋಡಿ

ಎಲ್ಲರಿಗೂ ನಮಸ್ಕಾರ. ಮನೆಯವರನ್ನು ಮಾತಾಡಿಸಿ ಮೊಬೈಲಿನಲ್ಲಿ ಚೆನ್ನಾಗಿ ವಿಡಿಯೊ ಮಾಡುವುದು ಹೇಗೆ ಅಂತ ಇವತ್ತು ಹೇಳ್ತೀನಿ.

ನಮ್ಮ ಸೋದರಮಾವನ ಷಷ್ಟಿಪೂರ್ತಿಗೆ ನಾನೇ ವಿಡಿಯೊ ಮಾಡಿದ್ದೆ. ಮಾವನನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ ಮಾತಾಡಿಸಿದೆ. ಆಮೇಲೆ ನೋಡಿದರೆ ಹೊರಗಿನ ತೆಂಗಿನಮರದ ಒಂದೊಂದು ಗರಿಯೂ ಕಾಣುತ್ತಿದೆ, ಮಾವನ ಮುಖ ಮಾತ್ರ ಬರೀ ಕಪ್ಪು ನೆರಳು. ಅವರು ಯಾರು ಅಂತ ಗೊತ್ತಾಗಿದ್ದು ದನಿಯಿಂದ. ಅದೂ ಅಡುಗೆಮನೆಯ ಮಿಕ್ಸಿ ನಿಂತ ಮೇಲೆ!

ತಪ್ಪು ಮೊಬೈಲಿನದಲ್ಲ. ಹಿಂದೆ ಬೆಳಕು ಜಾಸ್ತಿ ಇದ್ದರೆ ಕ್ಯಾಮೆರಾ ಅದಕ್ಕೇ ಹೊಂದಿಕೊಳ್ಳುತ್ತದೆ, ಮುಖ ಕತ್ತಲಾಗುತ್ತದೆ. ಹಾಗಾಗಿ ಈಗ ಯಾರ ಮನೆಗೆ ಹೋದರೂ ಮೊದಲು ಕಿಟಕಿ ಹುಡುಕುತ್ತೇನೆ. ಅದು ಪಕ್ಕಕ್ಕೆ ಬರುವ ಹಾಗೆ ಕುರ್ಚಿ ಹಾಕಿಸುತ್ತೇನೆ. ಆಮೇಲೆ ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿಯುತ್ತೇನೆ. ಹೆಚ್ಚಿನ ಮೊಬೈಲುಗಳಲ್ಲಿ ಬೆಳಕು, ಫೋಕಸ್ ಎರಡೂ ಅಲ್ಲೇ ಲಾಕ್ ಆಗುತ್ತವೆ.

ಒಂದು ಕೆನ್ನೆ ತೀರಾ ಕತ್ತಲಾಯಿತಾ? ಆ ಕಡೆ ಯಾರಾದರೂ ಬಿಳಿ ಪಂಚೆ ಬಿಡಿಸಿ ಹಿಡಿದು ನಿಂತರೆ ಸಾಕು, ಕಿಟಕಿಯ ಬೆಳಕು ಅದಕ್ಕೆ ಬಡಿದು ಕೆನ್ನೆಗೆ ಬರುತ್ತದೆ. ನಗಬೇಡಿ. ನಮ್ಮ ಮೈಸೂರಿನ ವಿ.ಕೆ. ಮೂರ್ತಿ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ಗೆ ದೊಡ್ಡ ಕನ್ನಡಿ ಇಟ್ಟು, ಹೊರಗಿನ ಬಿಸಿಲನ್ನು ಸ್ಟುಡಿಯೊ ಒಳಕ್ಕೆ ತಿರುಗಿಸಿದವರು. ಸಿನಿಮಾದವರಿಗೆ ಕೊಡುವ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಕನ್ನಡಿ, ಪಂಚೆ ಎರಡೂ ನಮ್ಮ ಮನೆಗಳಲ್ಲಿವೆ, ಅಲ್ವಾ?

ರಾತ್ರಿ ಬೇರೆ ತೊಂದರೆ. ವಿಡಿಯೊದಲ್ಲಿ ಅಡ್ಡಪಟ್ಟೆಗಳು ಓಡುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಒಂದೊಂದು ಸುತ್ತಿಗೆ ಬೆಳಕು ಎರಡು ಸಲ ಏರಿಳಿಯುತ್ತದೆ. ಹಳೇ ಚೋಕ್ ಇರುವ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ. ನಮ್ಮ ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾ ಬಿಡುವುದಿಲ್ಲ. ಮೊಬೈಲಿನಲ್ಲಿ ಪ್ರೊ ಮೋಡ್, ಅಂದರೆ ಎಲ್ಲವನ್ನೂ ನಾವೇ ಹೊಂದಿಸುವ ಆಯ್ಕೆ, ಇದ್ದರೆ ಷಟರ್ (ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡು, ಫ್ರೇಮ್ (ಸೆಕೆಂಡಿಗೆ ಎಷ್ಟು ಚಿತ್ರ) 25 ಇಟ್ಟು ನೋಡಿ.

ಇನ್ನು ದೂರ. ಮುಖದ ಹತ್ತಿರಕ್ಕೇ ಮೊಬೈಲು ಹಿಡಿದರೆ ಮೂಗು ದಪ್ಪ, ಕಿವಿ ಸಣ್ಣ. ಮೂಗು ಕಿವಿಗಿಂತ ಮುಂದಿದೆ, ಅಷ್ಟೇ ಕಾರಣ. ಐದಾರು ಅಡಿ ಹಿಂದೆ ಸರಿಯಿರಿ, ಎರಡು ಪಟ್ಟು ಹತ್ತಿರ ತೋರಿಸುವ 2ಎಕ್ಸ್ ಲೆನ್ಸ್ ಹಾಕಿ. ಅಜ್ಜಿ ನೆಲದ ಮೇಲೆ ಕೂತು ಹೂ ಕಟ್ಟುತ್ತಿದ್ದರೆ ನೀವೂ ನೆಲದ ಮೇಲೆ ಕೂತ್ಕೊಳ್ಳಿ. ನಿಂತು ಹಿಡಿದರೆ ಬರೀ ನೆತ್ತಿ ಕಾಣುತ್ತದೆ. ಅವರು ಯಾವ ಕಡೆ ನೋಡುತ್ತಾರೋ ಆ ಕಡೆ ಸ್ವಲ್ಪ ಜಾಗ ಬಿಡಿ. ಅವರ ಕೈಗಳನ್ನೂ ಹತ್ತು ಸೆಕೆಂಡು, ಮೊಬೈಲು ಅಲುಗಾಡಿಸದೆ, ವಿಡಿಯೊ ಮಾಡಿಕೊಳ್ಳಿ. ಮಾತನ್ನು ಕತ್ತರಿಸಿ ಜೋಡಿಸುವಾಗ ಆ ಶಾಟು ಮಧ್ಯಕ್ಕೆ ಬಂದು, ಕತ್ತರಿಸಿದ ಜಾಗ ಕಾಣದ ಹಾಗೆ ಕಾಪಾಡುತ್ತದೆ.

ದನಿಗೆ ಕಾಲರ್ ಮೈಕ್ ಸಾಕು. ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಸರಕ್ಕೆ, ಸೆರಗಿಗೆ ತಾಗಿ ಸರಬರ ಅನ್ನದಿರಲಿ.

ಒಂದು ಗುಟ್ಟು ಹೇಳ್ತೀನಿ. ಪ್ರಶ್ನೆ ಮುಗಿಯಿತು ಅಂತ ಕ್ಯಾಮೆರಾ ತಕ್ಷಣ ನಿಲ್ಲಿಸಬೇಡಿ. “ಆಯ್ತಾ?” ಅಂತ ಅವರೇ ಕೇಳಿ, ಭುಜ ಸಡಿಲ ಬಿಟ್ಟು ಒಂದು ಸಲ ನಗುತ್ತಾರಲ್ಲ, ನನಗೆ ಹೆಚ್ಚಾಗಿ ಬೇಕಾಗಿರುವುದು ಅದೇ.

ಸರಿ, ಯಾರಾದರೂ ಒಬ್ಬರು ಬಂದು ಈ ಕುರ್ಚಿಯಲ್ಲಿ ಕೂತ್ಕೊಳ್ಳಿ. ಕಿಟಕಿ ನಿಮ್ಮ ಎಡಕ್ಕೆ ಬರಲಿ. ಆ ಫ್ಯಾನ್ ಸ್ವಲ್ಪ ಆಫ್ ಮಾಡ್ತೀರಾ?