ಮೀನು ಕಾಲಬುಡದಲ್ಲೇ ಇದೆ

ನಮಸ್ಕಾರ. ಶಿವರಾತ್ರಿ ಕಳೆದು ಯುಗಾದಿ ಹತ್ತಿರ ಬಂತು ಅಂದರೆ ನಮ್ಮ ಕುಂದಾಪುರದ ಕೋಡಿ ಕಡೆ ಗಾಳ ಹಿಡಿದು ನಿಲ್ಲುವವರು ಜಾಸ್ತಿಯಾಗುತ್ತಾರೆ. ನಾನೂ ಅವರಲ್ಲಿ ಒಬ್ಬ. ಮೊದಲ ವರ್ಷ ಅಂಗಡಿಯವರ ಮಾತು ನಂಬಿ ಉದ್ದದ ರಾಡು, ಭಾರದ ಸೀಸ ಎಲ್ಲ ಕೊಂಡೆ. ರಟ್ಟೆ ಬಿದ್ದುಹೋಗುವ ಹಾಗೆ ದೂರ ದೂರಕ್ಕೆ ಎಸೆದಿದ್ದೇ ಎಸೆದಿದ್ದು. ಒಂದು ವಾರ ಬರಿಗೈ. ಪಕ್ಕದಲ್ಲಿ ಬೀಸುಬಲೆ ಕೊಡವುತ್ತಿದ್ದ ಅಜ್ಜರೊಬ್ಬರಿಗೆ ನೋಡಿ ನೋಡಿ ತಡೆಯಲಿಲ್ಲ. "ಹ್ವಾಯ್, ಮೀನ್ ಕಾಲ್‌ಬುಡ್ದಗೇ ಇತ್ತಲೆ ಮಾರಾಯ್ರೆ, ಎಲ್ಲಿಗ್ ಎಸೀತ್ರಿ?" ಅಂದರು.

ಇವತ್ತು ಹೇಳುವುದು ಇಷ್ಟೇ. ಈ ಎರಡು ತಿಂಗಳು ದೂರ ಎಸೆಯಬೇಡಿ.

ಯಾಕೆ ಅಂತೀರಾ? ಮಳೆಗಾಲದಲ್ಲಿ ಕಡಲು ಕೊಚ್ಚಿಕೊಂಡು ಹೋದ ಮರಳು ಬೇಸಿಗೆಯಲ್ಲಿ ನಿಧಾನಕ್ಕೆ ವಾಪಸ್ ಬಂದು ದಡದ ಮುಂದೆ ದಿಬ್ಬ ಕಟ್ಟುತ್ತದೆ. ಅಲೆ ಮೊದಲು ಆ ದಿಬ್ಬದ ಮೇಲೆ ಒಡೆಯುತ್ತದೆ, ಆಮೇಲೆ ಇನ್ನೊಮ್ಮೆ ದಡದಲ್ಲಿ. ಎರಡರ ನಡುವೆ ನೊರೆ ಇಲ್ಲದ, ಸ್ವಲ್ಪ ಕಪ್ಪಗೆ ಕಾಣುವ ನೀರಿನ ಪಟ್ಟಿ ಇರುತ್ತದಲ್ಲ, ಅದೇ ತಗ್ಗು. ಕಾಣೆ ಮೀನು ಮೇಯುವುದು ಅಲ್ಲೇ. ಎಷ್ಟೋ ಕಡೆ ಅದು ದಡದಿಂದ ಹದಿನೈದು ಇಪ್ಪತ್ತು ಹೆಜ್ಜೆ, ಅಷ್ಟೆ. ನಾನು ಒಂದು ವಾರ ಮೀನಿನ ತಲೆ ಮೇಲಿಂದ ಎಸೆಯುತ್ತಿದ್ದೆ!

ಕಾಣೆಗೆ ಸಣ್ಣ ಗಾಳ, ಸಪೂರ ತಂಗೂಸಿ ಅಂದರೆ ನೈಲಾನ್ ದಾರ, ಹತ್ತು ಹದಿನೈದು ಗ್ರಾಂ ಸೀಸ ಸಾಕು. ಈ ಹೊತ್ತಿಗೆ ಹೊಳೆಯ ಕೆಂಪು ನೀರು ನಿಂತು ಕಡಲು ತಿಳಿಯಾಗಿರುತ್ತದೆ, ದಪ್ಪ ದಾರ ಮೀನಿಗೆ ಕಂಡುಬಿಡುತ್ತದೆ. ಗಾಳಕ್ಕೆ ಸಿಗಡಿ ಚೂರು ಚುಚ್ಚಿ. ಅದನ್ನು ನೀರಲ್ಲಿ ಸುಮ್ನೆ ಬಿಟ್ಟು ಕೂರಬೇಡಿ. ಒಂದು ಗೇಣು ಎಳೆಯಿರಿ, ನಿಲ್ಲಿಸಿ, ಮತ್ತೆ ಒಂದು ಗೇಣು. ಸೀಸ ಮರಳಲ್ಲಿ ಉಜ್ಜಿಕೊಂಡು ಬರುವುದು ಬೆರಳಿಗೆ ಗೊತ್ತಾಗಬೇಕು. ಆಮೇಲೆ ಟಕ್ ಟಕ್ ಅಂತ ಎರಡು ಸಲ ಜಗ್ಗುತ್ತದೆ. ಮೊದಲ ಟಕ್ಕಿಗೇ ಹೌಹಾರಿ ಎಳೆದರೆ ಗಾಳ ಮಾತ್ರ ವಾಪಸ್ ಬರುತ್ತದೆ.

ಅಜ್ಜರದ್ದು ಬೇರೆ ರೀತಿ. ಕಾಣೆಗೆ ಗಾಬರಿಯಾದರೆ ತಲೆ ಮುಂದೆ ಮಾಡಿ ಮರಳೊಳಗೆ ಹುಗಿದುಕೊಳ್ಳುತ್ತದೆ, ಬಲೆ ಅದರ ಮೇಲಿಂದ ಜಾರಿ ಹೋಗುತ್ತದೆ. ಅದಕ್ಕೆ ಅವರು ಬಲೆ ಬೀಸಿದ ಕೂಡಲೇ ಎಳೆಯುವುದಿಲ್ಲ, ಬರಿಗಾಲಲ್ಲಿ ಒಳಗೆ ನಡೆದು ಪಾದದಿಂದ ತಡವುತ್ತಾರೆ. ಒಮ್ಮೆ ನನಗೂ ಸಿಕ್ಕಿತು. ಅಂಗಾಲಿನ ಕೆಳಗೆ ಏನೋ ಗಟ್ಟಿಯಾಗಿ ಮಿಸುಕಿತು, ಬಗ್ಗಿ ಮರಳಿನ ಸಮೇತ ಹಿಡಿದೆ. ಆದರೆ ಹೆಜ್ಜೆ ಎತ್ತಿ ಎತ್ತಿ ಇಡಬೇಡಿ, ಕಾಲು ಎಳೆದುಕೊಂಡೇ ನಡೆಯಿರಿ. ತೊರಕೆ ಮೀನೂ ಅದೇ ಮರಳಲ್ಲಿ ಮಲಗಿರುತ್ತದೆ. ಕಾಲು ತಾಗಿದರೆ ಸರಿದು ಹೋಗುತ್ತದೆ, ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ. ಚುಚ್ಚಿತು ಅಂತಾದರೆ ತಡೆಯಬಲ್ಲಷ್ಟು ಬಿಸಿ ನೀರಲ್ಲಿ ಕಾಲಿಟ್ಟು, ಆಮೇಲೆ ಆಸ್ಪತ್ರೆಗೆ ಹೋಗಿ.

ಹೊತ್ತಿನ ವಿಷಯ. ಭರತ, ಅಂದರೆ ಕಡಲಿನ ಉಬ್ಬರ, ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರಿಳಿತ ಜೋರು. ಯುಗಾದಿ ಬರುವುದೇ ಅಮಾವಾಸ್ಯೆ ಮಾರನೇ ದಿನ, ಅಲ್ವಾ? ಆಗ ಬೆಳಗಿನ ಜಾವಕ್ಕೆ ನೀರು ಇಳಿದಿರುತ್ತದೆ. ತಗ್ಗು ಎಲ್ಲಿದೆ, ದಿಬ್ಬ ಎಲ್ಲಿ ಕಡಿದಿದೆ ಅಂತ ಕಣ್ಣಾರೆ ನೋಡಿಕೊಂಡು, ನೀರು ಏರಲು ಶುರುವಾದ ಮೇಲೆ ಅಲ್ಲೇ ಗಾಳ ಹಾಕಬಹುದು. ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸಿ ನೀರು ಕದಡುತ್ತದೆ, ನಾನಂತೂ ಹೋಗುವುದಿಲ್ಲ.

ಹೊಳೆ ಕಡಲು ಸೇರುವ ಅಳಿವೆಯಲ್ಲಿ ಲೆಕ್ಕ ಉಲ್ಟಾ. ಗಂಗೊಳ್ಳಿ ಅಳಿವೆಗೆ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಕಿ ಐದೂ ಹೊಳೆ ಸೇರುತ್ತವೆ. ಬೇಸಿಗೆಯಲ್ಲಿ ಸಿಹಿನೀರು ಕಡಿಮೆಯಾಗಿ ಉಪ್ಪುನೀರು ಒಳಗೆ ತುಂಬಾ ದೂರ ಏರುತ್ತದೆ. ಇಲ್ಲಿ ಇಳಿತ ಶುರುವಾಗುವಾಗ ನಿಲ್ಲಬೇಕು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದಲ್ಲಿದ್ದ ಸಿಗಡಿ, ಸಣ್ಣ ಮೀನು ನೀರಿನ ಜೊತೆ ಹೊರಗೆ ಬರುತ್ತವೆ, ಅವನ್ನು ತಿನ್ನುವ ಕೆಂಬೇರಿ ಮೀನು ಕಲ್ಲಿನ ಮರೆಯಲ್ಲಿ ಕಾಯುತ್ತಿರುತ್ತದೆ. ಇದಕ್ಕೆ ಮಾತ್ರ ದಪ್ಪ ದಾರ ಬೇಕು. ಕಚ್ಚಿದ ಕೂಡಲೇ ಕಲ್ಲಿನ ಸಂದಿಗೆ ಓಡುತ್ತದೆ, ಎರಡು ಮೊಳ ಬಿಟ್ಟರೆ ದಾರವೂ ಇಲ್ಲ, ಮೀನೂ ಇಲ್ಲ. ನಾನು ಕಳೆದುಕೊಂಡ ಗಾಳಗಳ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಇನ್ನೊಂದು ಮಾತು. ಏಪ್ರಿಲ್, ಮೇನಲ್ಲಿ ಗಾಳಿಯೇ ಇಲ್ಲದ ಬಿಸಿಲ ದಿನವೂ ಕಡಲು ಇದ್ದಕ್ಕಿದ್ದ ಹಾಗೆ ಉಕ್ಕುವುದುಂಟು. ದಕ್ಷಿಣದ ದೂರದ ಕಡಲಲ್ಲಿ ಕೆಲವು ದಿನ ಮೊದಲು ಎದ್ದ ಬಿರುಗಾಳಿಯ ಅಲೆ ಅದು. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇದಕ್ಕೆ ಮುನ್ಸೂಚನೆ ಕೊಡುತ್ತದೆ, ಹೊರಡುವ ಮೊದಲು ನೋಡಿ. ಅವತ್ತು ತಡೆಗೋಡೆಯ ಕಲ್ಲು ಹತ್ತಲೇಬೇಡಿ, ಪಾಚಿ ಬೇರೆ ಇರುತ್ತದೆ.

ಬೆರಳುದ್ದದ ಕಾಣೆ ಸಿಕ್ಕಿದರೆ ಕೈ ಒದ್ದೆ ಮಾಡಿಕೊಂಡು ಬಿಡಿಸಿ, ನೀರಿಗೆ ಬಿಡಿ. ದೊಡ್ಡದನ್ನು ಬಿಸಿಲಲ್ಲಿ ಇಡಬೇಡಿ, ಬೇಗ ಮೆತ್ತಗಾಗುತ್ತದೆ. ಫ್ರೈ ಮಾಡುವುದು ಹೇಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ, ಮೀನು ಅಡುಗೆಮನೆ ಸೇರಿದ ಮೇಲೆ ನಮ್ಮ ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ. ನಮಸ್ಕಾರ.